ಕರ್ಣನ ಕವಚವೂ ಚಳಿಜ್ವರವೂ

ಉಪಮೆಯೆಂಬುದು ಕಾವ್ಯಕ್ಕೆ ಮಾತ್ರ ಸೇರಿದ ಸೊತ್ತಲ್ಲ. ಅಂಗಡಿಯವನ ಮಾತಿನಲ್ಲಿ, ವಕೀಲರ ವಾದದಲ್ಲಿ, ವೈದ್ಯರ ಸಮಾಧಾನದಲ್ಲಿ ಅದು ದಿನವೂ ದುಡಿಯುತ್ತಿರುತ್ತದೆ. ಕಾವ್ಯದ ಉಪಮೆ ಕೆಟ್ಟರೆ ಒಂದು ಪದ್ಯ ಕೆಡುತ್ತದೆ. ವೈದ್ಯರ ಉಪಮೆ ಕೆಟ್ಟರೆ ಒಂದು ಮನೆ ಕೆಡಬಹುದು. ಆದುದರಿಂದ ವಿಮರ್ಶೆಯ ಕೆಲಸದಲ್ಲಿ ತೊಡಗಿದವರು ಕಾವ್ಯಗಳನ್ನು ಪಕ್ಕಕ್ಕಿಟ್ಟು ಆಗಾಗ ಇಂಥ ಮಾತುಗಳ ಕಡೆಗೂ ಕಣ್ಣು ಹಾಯಿಸಿದರೆ ತಪ್ಪಾಗಲಾರದು. ಈ ಲೇಖನದಲ್ಲಿ ನಾನು ಪರೀಕ್ಷಿಸಹೊರಟಿರುವುದು ಒಂದೇ ಒಂದು ಉಪಮೆಯನ್ನು.

ಈಚೆಗೆ ನಮ್ಮ ಕಾಲೇಜಿನಲ್ಲಿ ಕುಡುಗೋಲು ಕಣ ರೋಗದ ಬಗ್ಗೆ ಒಂದು ಉಪನ್ಯಾಸ ಏರ್ಪಟ್ಟಿತ್ತು. ಮಾತನಾಡಿದವರು ಅನುಭವಸ್ಥ ವೈದ್ಯರು. ವಿಜ್ಞಾನವನ್ನು ಕನ್ನಡದಲ್ಲಿ ಸೊಗಸಾಗಿ ಹೇಳಬಲ್ಲವರು. ಮನುಷ್ಯರ ರಕ್ತದಲ್ಲಿ ಹುಟ್ಟಿನಿಂದಲೇ ಬರುವ ಕೆಲವು ವ್ಯತ್ಯಾಸಗಳು ಮಲೇರಿಯಾದಿಂದ ಹೇಗೆ ಕಾಪಾಡುತ್ತವೆಂಬುದನ್ನು ವಿವರಿಸುತ್ತ ಅವರು, "ಇದು ಕರ್ಣನ ಸಹಜಕವಚ ಇದ್ದ ಹಾಗೆ, ಕಾಡಿನ ಜನಕ್ಕೆ ಪ್ರಕೃತಿಯೇ ತೊಡಿಸಿ ಕಳಿಸಿದ ಕವಚ" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಪಂಪನನ್ನು ಪಾಠ ಹೇಳುವವನಿಗೆ ಕರ್ಣನ ಹೆಸರು ಕಿವಿಗೆ ಬಿದ್ದರೆ ಕೈ ತಾನಾಗಿಯೇ ಏಳುತ್ತದೆ. ಸಭೆ ಮುಗಿದ ಮೇಲೆ, ಕಾಡಂಚಿನ ಹಾಡಿಯೊಂದರಿಂದ ಬರುವ ವಿದ್ಯಾರ್ಥಿನಿಯೊಬ್ಬಳು ನನ್ನ ಬಳಿಗೆ ಬಂದಳು. "ಸರ್, ಕವಚ ನಂದು, ನೋವು ನನ್ ತಮ್ಮಂದು. ಇದು ಕರ್ಣನ ಕಥೆ ಹೇಗಾಗುತ್ತೆ?" ಎಂದು ಕೇಳಿದಳು. ಆಗ ನನ್ನಲ್ಲಿ ಉತ್ತರವಿರಲಿಲ್ಲ. ಕೆಲವು ವಾರ ಓದಿ, ತಿಳಿದವರನ್ನು ಕೇಳಿ, ಈಗ ಬರೆಯುತ್ತಿರುವ ಉತ್ತರ ಇದು.

ಮೊದಲು ಉಪಮೇಯದ ಪರಿಚಯವಾಗಲಿ. ರಕ್ತಕ್ಕೆ ಕೆಂಪು ಬಣ್ಣವನ್ನು ಕೊಟ್ಟು, ಪ್ರಾಣವಾಯುವನ್ನು ಹೊತ್ತು ಸಾಗಿಸುವ ಪದಾರ್ಥಕ್ಕೆ ಹಿಮೋಗ್ಲೋಬಿನ್ ಎಂದು ಹೆಸರು. ಅದನ್ನು ಕಟ್ಟುವ ಕ್ರಮವನ್ನು ತಿಳಿಸುವ ವಂಶವಾಹಿಯ ಒಂದು ಪ್ರತಿ ತಾಯಿಯಿಂದಲೂ ಇನ್ನೊಂದು ಪ್ರತಿ ತಂದೆಯಿಂದಲೂ ನಮಗೆ ಬರುತ್ತದೆ. ಹಿಮೋಗ್ಲೋಬಿನ್ನಿನ ಒಂದು ಬಗೆಯ ಎಳೆಯಲ್ಲಿ 146 ಅಮೈನೋ ಆಮ್ಲಗಳು ಸರದ ಮಣಿಗಳಂತೆ ಪೋಣಿಸಿಕೊಂಡಿವೆ. ಅದರಲ್ಲಿ ಆರನೆಯ ಮಣಿಯೊಂದು ಬೇರೆಯಾದರೆ, ಪ್ರಾಣವಾಯು ಕಡಿಮೆಯಾದ ಕಡೆಯಲ್ಲಿ ಕೆಂಪು ಕಣ ತನ್ನ ದುಂಡು ಆಕಾರವನ್ನು ಕಳೆದುಕೊಂಡು ಕುಡುಗೋಲಿನಂತೆ ಬಾಗಿ ಬಿರುಸಾಗುತ್ತದೆ. ಇಂಥ ಕಣಗಳನ್ನು 1910ರಲ್ಲಿ ಮೊದಲು ವರ್ಣಿಸಿದವರು ಷಿಕಾಗೋ ನಗರದ ವೈದ್ಯ ಜೇಮ್ಸ್ ಹೆರಿಕ್. ಬದಲಾಗಿರುವುದು ಆ ಒಂದು ಮಣಿ ಮಾತ್ರವೆಂದು 1957ರ ಹೊತ್ತಿಗೆ ತೋರಿಸಿಕೊಟ್ಟವರು ವೆರ್ನನ್ ಇನ್‌ಗ್ರಾಂ.

ಎರಡು ಪ್ರತಿಗಳಲ್ಲಿ ಒಂದು ಮಾತ್ರ ಹೀಗಿದ್ದವರನ್ನು ವಾಹಕರೆನ್ನುತ್ತಾರೆ. ಅವರು ಸಾಮಾನ್ಯವಾಗಿ ಎಲ್ಲರಂತೆ ಉಂಡು, ದುಡಿದು, ಬದುಕುತ್ತಾರೆ. ಎರಡು ಪ್ರತಿಗಳೂ ಹೀಗಿದ್ದರೆ ರೋಗ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು, ಮೂಳೆ ಮೂಳೆಯಲ್ಲಿ ನೋವು ತಂದು, ರಕ್ತವನ್ನು ಬತ್ತಿಸುತ್ತವೆ. ತಂದೆತಾಯಿಗಳಿಬ್ಬರೂ ವಾಹಕರಾದರೆ, ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು. ಯಾವುದೂ ಇಲ್ಲದಿರುವ ಸಂಭವ ನಾಲ್ಕರಲ್ಲಿ ಒಂದು. ನನ್ನ ವಿದ್ಯಾರ್ಥಿನಿಯ ಒಂದು ವಾಕ್ಯದಲ್ಲಿ ಈ ಲೆಕ್ಕವೆಲ್ಲ ಅಡಗಿತ್ತು.

ಮಕ್ಕಳನ್ನು ಕೊಲ್ಲುವ ಇಂಥ ವಂಶವಾಹಿ ತಲೆಮಾರುಗಳು ಕಳೆದಂತೆ ಅಳಿದುಹೋಗಬೇಕಿತ್ತಲ್ಲ, ಉಳಿದದ್ದು ಹೇಗೆ? ಇದೇ ಬಗೆಯ ಪ್ರಶ್ನೆಯನ್ನು ಥಲಸ್ಸೀಮಿಯಾ ಎಂಬ ಇನ್ನೊಂದು ರಕ್ತರೋಗದ ವಿಷಯದಲ್ಲಿ ಕೇಳಿಕೊಂಡು, ಅದರ ವಾಹಕರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತಿರಬಹುದೆಂದು 1949ರಲ್ಲಿ ಊಹಿಸಿದವರು ಜೆ. ಬಿ. ಎಸ್. ಹಾಲ್ಡೇನ್. 1957ರಲ್ಲಿ ಭಾರತಕ್ಕೆ ಬಂದು ನೆಲಸಿ, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ಅದೇ ಹಾಲ್ಡೇನ್. ಆ 1949ರಲ್ಲಿಯೇ ಆಂಟನಿ ಆಲಿಸನ್ ಎಂಬ ತರುಣ ಕೀನ್ಯಾ ದೇಶದಲ್ಲಿ ರಕ್ತದ ಮಾದರಿಗಳನ್ನು ಕೂಡಿಸುತ್ತಿದ್ದ. ಕಡಲ ಕರೆಯಲ್ಲಿ, ವಿಕ್ಟೋರಿಯಾ ಸರೋವರದ ಸುತ್ತ, ಎಲ್ಲಿ ಸೊಳ್ಳೆಯ ಕಾಟ ಹೆಚ್ಚೋ ಅಲ್ಲಿ ಕುಡುಗೋಲು ಕಣದ ವಾಹಕರು ಹೆಚ್ಚು. ತಂಪು ಬೆಟ್ಟಗಳ ಮೇಲೆ ವಿರಳ. 1954ರಲ್ಲಿ ಆತ ಪ್ರಕಟಿಸಿದ ಲೇಖನದಲ್ಲಿ ಒಂದು ಪ್ರಯೋಗದ ವರದಿಯಿದೆ. ಲುವೋ ಜನಾಂಗದ ಮೂವತ್ತು ಮಂದಿ ಗಂಡಸರಿಗೆ ಮಲೇರಿಯಾ ಸೋಂಕು ತಗಲಿಸಲಾಯಿತು. ವಾಹಕರಲ್ಲದ 15 ಮಂದಿಯಲ್ಲಿ 14 ಮಂದಿಯ ರಕ್ತದಲ್ಲಿ ಪರೋಪಜೀವಿ ಕಾಣಿಸಿಕೊಂಡಿತು. ವಾಹಕರಾದ 15 ಮಂದಿಯಲ್ಲಿ ಇಬ್ಬರಲ್ಲಿ ಮಾತ್ರ. ಇಂದಿನ ವೈದ್ಯನೀತಿ ಒಪ್ಪದ ಪ್ರಯೋಗವಿದು. ಆದರೆ ಕವಚದ ಉಪಮೆ ಹುಟ್ಟಿದ್ದು ಇಂಥ ಸಾಕ್ಷ್ಯದ ನೆಲದಲ್ಲಿಯೇ.

ಇನ್ನು ಉಪಮೆಯ ಪರೀಕ್ಷೆ. ಅದಕ್ಕೆ ಮುನ್ನ ವೈದ್ಯರಿಗೆ ನ್ಯಾಯ ಸಲ್ಲಿಸಬೇಕು. ನಮ್ಮ ಆಡುಮಾತಿನಲ್ಲಿ ಹುಟ್ಟಿನಿಂದ ಬಂದ ಯಾವ ವ್ಯತ್ಯಾಸಕ್ಕೂ ಸಿದ್ಧವಾಗಿರುವ ಹೆಸರು 'ದೋಷ'. ಜಾತಕದಲ್ಲಿ ದೋಷ, ನಾಡಿಯಲ್ಲಿ ದೋಷ, ಈಗ ರಕ್ತದಲ್ಲಿಯೂ ದೋಷ. ಜೇನುಕುರುಬ, ಬೆಟ್ಟಕುರುಬ, ಸೋಲಿಗ, ಯರವ ಮೊದಲಾದ ಜನರಲ್ಲಿ ಈ ವಂಶವಾಹಿ ಕಂಡುಬಂದಿದೆ. ಮೊದಲೇ ಹೀಯಾಳಿಕೆಯನ್ನು ಸಾಕಷ್ಟು ಉಂಡವರಿಗೆ 'ನಿಮ್ಮ ರಕ್ತವೇ ದೋಷದ್ದು' ಎಂದು ಹೇಳುವುದು ಗಾಯದ ಮೇಲೆ ಬರೆ. ವೈದ್ಯರು ಆ ಪದವನ್ನು ಅಟ್ಟಲೆಂದೇ ಕರ್ಣನನ್ನು ಕರೆತಂದರು. ಅವರ ಉದ್ದೇಶದಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಕರ್ಣನಲ್ಲಿ.

ಕವಚವೆಂದೊಡನೆ ಮನಸ್ಸಿಗೆ ಬರುವುದು ಬಾಣ ತಾಗಿ ಹಿಂದಕ್ಕೆ ಸಿಡಿಯುವ ಚಿತ್ರ. ಇಲ್ಲಿ ಹಾಗಾಗುವುದಿಲ್ಲ. ಮುಂದಿನ ಸಂಶೋಧನೆಗಳಿಂದ ಸ್ಪಷ್ಟವಾದದ್ದೇನೆಂದರೆ, ವಾಹಕರನ್ನೂ ಸೊಳ್ಳೆ ಕಚ್ಚುತ್ತದೆ, ಅವರ ರಕ್ತಕ್ಕೂ ಪರೋಪಜೀವಿ ಇಳಿಯುತ್ತದೆ, ಜ್ವರವೂ ಬರಬಹುದು. ತಗ್ಗುವುದು ಮುಖ್ಯವಾಗಿ ಸಾವಿಗೆ ಒಯ್ಯುವ ತೀವ್ರ ಮಲೇರಿಯಾ. ಅದರ ಅಪಾಯ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇಳಿಯುತ್ತದೆ. ಪರೋಪಜೀವಿ ಹೊಕ್ಕ ಕಣ ಬೇಗ ಬಾಗುವುದರಿಂದ ಗುಲ್ಮ ಅದನ್ನು ಸೋಸಿ ತೆಗೆಯುತ್ತದೆ. ಪರೋಪಜೀವಿ ಕಣದ ಹೊರಮೈಗೆ ಕಳಿಸುವ ಅಂಟುವ ಪದಾರ್ಥವೂ ಕಡಿಮೆಯಾಗಿ, ಕಣಗಳು ಮಿದುಳಿನ ನಾಳಗಳಲ್ಲಿ ಕಚ್ಚಿ ಕೂರುವುದು ತಪ್ಪುತ್ತದೆ. ಇದು ಕೋಟೆಯ ಬಾಗಿಲು ಮುಚ್ಚುವ ಕೆಲಸವಲ್ಲ. ಒಳಹೊಕ್ಕ ಕಳ್ಳನಿಗೆ ಮನೆಯಲ್ಲಿ ನೆಲೆ ಸಿಗದಂತೆ ಮಾಡುವ ಕೆಲಸ.

ಎರಡನೆಯದಾಗಿ, ಕರ್ಣನ ಕವಚ ಹುಟ್ಟಿದ ದಿನವೇ ಪೂರ್ಣ. ಈ ರಕ್ಷೆ ಹಾಗಲ್ಲ. ಕೀನ್ಯಾದ ಕಿಲಿಫಿಯಲ್ಲಿ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಸೌಮ್ಯ ಮಲೇರಿಯಾದ ವಿರುದ್ಧ ವಾಹಕ ಮಕ್ಕಳಿಗೆ ಮೊದಲ ಎರಡು ವರ್ಷಗಳಲ್ಲಿದ್ದ ರಕ್ಷಣೆ ಶೇಕಡ 20 ಮಾತ್ರ. ಹತ್ತನೆಯ ವಯಸ್ಸಿನ ಹೊತ್ತಿಗೆ ಅದು ಶೇಕಡ 56ಕ್ಕೆ ಏರಿತು. ರಕ್ತದ ಗುಣ ಹುಟ್ಟಿನದೇ. ಆದರೆ ಅದು ಶರೀರದ ರೋಗನಿರೋಧಕ ಶಕ್ತಿಗೆ ಕಲಿಯಲು ಅವಕಾಶ ಕೊಡುತ್ತಿರಬೇಕೆಂದು ಸಂಶೋಧಕರು ಇದರಿಂದ ತರ್ಕಿಸಿದರು. ಜ್ವರ ಬಂದು ಹೋದಂತೆಲ್ಲ ಶರೀರ ಪರೋಪಜೀವಿಯ ಗುರುತು ಹಿಡಿಯುತ್ತದೆ. ವಾಹಕ ಮಗು ಆ ಪಾಠವನ್ನು ಸಾಯದೆ ಕಲಿಯುತ್ತದೆ. ನಮ್ಮ ಕಥೆಗಳಲ್ಲಿ ಇದಕ್ಕೆ ಹೋಲಿಕೆ ಹುಡುಕುವುದಾದರೆ ಕರ್ಣನ ಕವಚಕ್ಕಿಂತ ಏಕಲವ್ಯನ ಅಭ್ಯಾಸ ಹತ್ತಿರದ್ದು.

ಹಾಗಾದರೆ ಹುಟ್ಟಿನ ಗುಣವೆಲ್ಲ ಕೆಂಪು ಕಣದಲ್ಲಿಯೇ ಇದೆಯೇ? ಅದೂ ಇಲ್ಲ. ಆಫ್ರಿಕದ ಪಶ್ಚಿಮ ಭಾಗದ ಬುರ್ಕಿನಾ ಫಾಸೋ ದೇಶದಲ್ಲಿ ಫುಲಾನಿ, ಮೋಸಿ, ರಿಮೈಬೆ ಎಂಬ ಮೂರು ಜನಗಳು ಅಕ್ಕಪಕ್ಕದ ಹಳ್ಳಿಗಳಲ್ಲಿ ಬಾಳುತ್ತಾರೆ. ಸೊಳ್ಳೆಯ ಕಡಿತದಲ್ಲಿ ಹೇಳುವಂಥ ಭೇದವಿಲ್ಲ. ಆದರೂ 1996ರಲ್ಲಿ ಹೊರಬಂದ ಅಧ್ಯಯನವೊಂದು ಫುಲಾನಿಗಳಲ್ಲಿ ಸೋಂಕು ಕಡಿಮೆಯೆಂದೂ, ಮಲೇರಿಯಾದ ವಿರುದ್ಧ ಅವರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳು ಹೆಚ್ಚೆಂದೂ ತೋರಿಸಿತು. ಕುಡುಗೋಲು ಕಣದಂಥ ಪ್ರಸಿದ್ಧ 'ಕವಚ'ಗಳೋ ಅವರಲ್ಲಿ ನೆರೆಯವರಿಗಿಂತ ಕಡಿಮೆ. ರಿಮೈಬೆಗಳು ಫುಲಾನಿಗಳ ಭಾಷೆಯನ್ನಾಡುತ್ತಾರೆ, ಅವರ ಸಂಸ್ಕೃತಿಯಲ್ಲಿ ಬೆರೆತಿದ್ದಾರೆ. ಆದರೆ ಈ ವಿಷಯದಲ್ಲಿ ಅವರು ಮೋಸಿಗಳ ಕಡೆಗೆ ನಿಲ್ಲುತ್ತಾರೆ. ಎಂದರೆ ಶತ್ರುವಿಗೆ ಶರೀರ ಕೊಡುವ ಉತ್ತರದಲ್ಲಿಯೇ ವಂಶಪಾರಂಪರ್ಯದ ಪಾಲು ಇದೆ. ಅದನ್ನು ಯಾವುದೋ ಒಂದೇ ವಂಶವಾಹಿಯ ತಲೆಗೆ ಕಟ್ಟಲು ಬರುವುದಿಲ್ಲ. ಹಲವು ಕಡೆಗಳಲ್ಲಿ ಹಂಚಿಹೋದ ಇಂಥ ಗುಣವನ್ನು ಕವಚವೆಂಬ ಒಂದು ವಸ್ತುವಿನಲ್ಲಿ ಹಿಡಿದಿಡುವುದಾದರೂ ಹೇಗೆ?

ಇನ್ನೊಂದು ಉದಾಹರಣೆಯಲ್ಲಿ ತೊಟ್ಟುಕೊಂಡದ್ದು ಏನೂ ಇಲ್ಲ, ಇಲ್ಲದಿರುವುದೇ ರಕ್ಷೆ. ವೈವಾಕ್ಸ್ ಎಂಬ ಜಾತಿಯ ಮಲೇರಿಯಾ ಪರೋಪಜೀವಿ ಕೆಂಪು ಕಣವನ್ನು ಹೊಗಲು ಕಣದ ಮೇಲಿನ ಡಫಿ ಎಂಬ ಪದಾರ್ಥವನ್ನು ಬಾಗಿಲಾಗಿ ಬಳಸುತ್ತದೆ. ಪಶ್ಚಿಮ ಆಫ್ರಿಕದ ಬಹುಪಾಲು ಜನರ ಕೆಂಪು ಕಣಗಳಲ್ಲಿ ಆ ಬಾಗಿಲೇ ಇಲ್ಲ. ಇದು ಅವರನ್ನು ವೈವಾಕ್ಸಿನಿಂದ ಕಾಪಾಡುತ್ತದೆಂದು 1976ರಲ್ಲಿ ಲೂಯಿ ಮಿಲ್ಲರ್ ಮತ್ತು ಸಂಗಡಿಗರು ತೋರಿಸಿದರು. ಆದರೆ 2010ರಲ್ಲಿ ಮಡಗಾಸ್ಕರ್ ದ್ವೀಪದಿಂದ ಬಂದ ವರದಿಯಲ್ಲಿ, ಆ ಬಾಗಿಲಿಲ್ಲದವರಿಗೂ ವೈವಾಕ್ಸ್ ಜ್ವರ ಬಂದದ್ದು ಕಂಡಿತು. ಪರೋಪಜೀವಿಯೂ ಸುಮ್ಮನೆ ಕೂತಿರುವುದಿಲ್ಲವಲ್ಲ!

ಇವೆಲ್ಲ ಉಪಮೆಯ ಸಣ್ಣ ಕುಂದುಗಳು. ಯಾವ ಉಪಮೆಯೂ ಎಲ್ಲ ಅಂಗಗಳಲ್ಲಿ ಹೊಂದಬೇಕೆಂದು ಹಟ ಹಿಡಿಯುವುದು ಅರಸಿಕತನ. ಮುಖವನ್ನು ಚಂದ್ರನಿಗೆ ಹೋಲಿಸಿದವನನ್ನು ಚಂದ್ರನ ಕಲೆಗಳ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಉಪಮೆ ಯಾವ ಸಂಗತಿಯನ್ನು ಬೆಳಗಲು ಬಂದಿದೆಯೋ ಅದನ್ನೇ ಮರೆಮಾಡಿದರೆ ಅದು ಅನೌಚಿತ್ಯ. ನನ್ನ ವಿದ್ಯಾರ್ಥಿನಿ ಕೈಯಿಟ್ಟದ್ದು ಸರಿಯಾಗಿ ಅಲ್ಲಿಗೇ.

ಕರ್ಣನ ಕಥೆಯಲ್ಲಿ ಕವಚವನ್ನು ತೊಟ್ಟವನೂ ಅವನೇ, ಅದನ್ನು ಮೈಯಿಂದ ಸುಲಿದುಕೊಟ್ಟು ನೊಂದವನೂ ಅವನೇ. ವರವೂ ಬೆಲೆಯೂ ಒಂದೇ ಜೀವದಲ್ಲಿ ಕೂಡಿರುವುದರಿಂದಲೇ ಅವನು ದುರಂತನಾಯಕ. ಕುಡುಗೋಲು ಕಣದ ಕಥೆಯಲ್ಲಿ ವರ ಒಬ್ಬರಿಗೆ, ಬೆಲೆ ಇನ್ನೊಬ್ಬರಿಗೆ. ಅಕ್ಕ ಬದುಕುತ್ತಾಳೆ, ತಮ್ಮ ನರಳುತ್ತಾನೆ. ಯಾರೂ ಯಾರಿಗೂ ಏನನ್ನೂ ದಾನ ಮಾಡಲಿಲ್ಲ. ಇಷ್ಟೇ ಅಲ್ಲ. ಒಂದು ಪ್ರತಿ ಕವಚವಾದರೆ ಎರಡು ಪ್ರತಿ ಇಮ್ಮಡಿ ಕವಚವಾಗಬೇಕೆಂದು ಉಪಮೆಯನ್ನು ನಂಬಿದ ತಾಯಿಯೊಬ್ಬಳು ಎಣಿಸಿದರೆ ಅದು ಅವಳ ತಪ್ಪಲ್ಲ. ನಿಜ ಅದಕ್ಕೆ ತೀರ ವಿರುದ್ಧವಾಗಿದೆ. ರೋಗವಿರುವ ಮಗುವಿಗೆ ಮಲೇರಿಯಾ ತಗಲಿದರೆ ಅದು ಉಳಿದವರಿಗಿಂತ ಹೆಚ್ಚು ಅಪಾಯದಲ್ಲಿರುತ್ತದೆ. ಮೊದಲು ಸೊಳ್ಳೆಯಿಂದ ಕಾಯಬೇಕಾದುದು ಆ ಮಗುವನ್ನೇ. ವೈದ್ಯರ ಉಪಮೆ ಕೆಟ್ಟರೆ ಮನೆ ಕೆಡಬಹುದೆಂದು ನಾನು ಆರಂಭದಲ್ಲಿ ಹೇಳಿದ್ದು ಇದನ್ನು ನೆನೆದು.

ಕವಚದ ಕಥೆ ಮುಗಿಯುವ ಬಗೆಯನ್ನೂ ನೋಡಬೇಕು. ನೇಪಾಳದ ತರಾಯಿ ಸೀಮೆಯಲ್ಲಿ ಥಾರು ಎಂಬ ಜನರಿದ್ದಾರೆ. ಬೆಟ್ಟದ ಮೇಲಿನವರು ಇಳಿದು ಬಂದರೆ ಜ್ವರಕ್ಕೆ ಬಲಿಯಾಗುತ್ತಿದ್ದ ಆ ಕಾಡುಗಳಲ್ಲಿ ಥಾರುಗಳು ತಲೆತಲಾಂತರದಿಂದ ಬಾಳಿದರು. 1988ರಲ್ಲಿ ಪ್ರಕಟವಾದ ಲೆಕ್ಕದಂತೆ ಅವರಲ್ಲಿ ಮಲೇರಿಯಾ ಅದೇ ಸೀಮೆಯ ಇತರರಿಗಿಂತ ಸುಮಾರು ಏಳುಪಟ್ಟು ಕಡಿಮೆ. ಅವರಲ್ಲಿ ಬಹುಮಂದಿಯಲ್ಲಿರುವ ಆಲ್ಫಾ ಥಲಸ್ಸೀಮಿಯಾ ಎಂಬ ಸೌಮ್ಯವಾದ ರಕ್ತಗುಣ ಇದಕ್ಕೆ ಮುಖ್ಯ ಕಾರಣವೆಂದು ಮುಂದೆ ಕಂಡುಬಂತು. ಕುಡುಗೋಲು ಕಣದಂತೆ ಮಕ್ಕಳನ್ನು ನರಳಿಸುವ ಬೆಲೆ ಈ ಗುಣಕ್ಕಿಲ್ಲ. ಆದರೂ ಥಾರುಗಳು ಬೆಲೆ ತೆತ್ತರು. 1950ರ ದಶಕದ ನಡುವಿನಿಂದ ಡಿಡಿಟಿ ಸಿಂಪಡಿಸಿ ಚಿತ್ವಾನ್ ಕಣಿವೆಯಲ್ಲಿ ಮಲೇರಿಯಾವನ್ನು ಹತ್ತಿಕ್ಕಿದರು. ಒಳ್ಳೆಯ ಕೆಲಸವೇ. ಆದರೆ ಜ್ವರ ಹೋದೊಡನೆ ಬೆಟ್ಟದಿಂದ ಜನ ಇಳಿದು ಬಂದರು. ಪತ್ರ ಬಲ್ಲವರ ಕೈಗೆ ನೆಲ ಹೋಯಿತು. ತರಾಯಿಯ ಪಶ್ಚಿಮ ಭಾಗದಲ್ಲಿ ಎಷ್ಟೋ ಥಾರು ಕುಟುಂಬಗಳು ಸಾಲಕ್ಕೆ ಸಿಕ್ಕಿ ಕಮೈಯಾ ಎಂಬ ಜೀತಕ್ಕೆ ಬಿದ್ದವು. ಆ ಜೀತವನ್ನು ಸರ್ಕಾರ ರದ್ದು ಮಾಡಿದ್ದು 2000ದಲ್ಲಿ. ಕರ್ಣನ ಹತ್ತಿರ ಇಂದ್ರ ಬೇಡಿಯಾದರೂ ಬೇಡಿದ. ಥಾರುಗಳನ್ನು ಯಾರೂ ಬೇಡಲಿಲ್ಲ. ಅವರ ಕವಚ ಮೈಮೇಲೆ ಹಾಗೆಯೇ ಇತ್ತು. ಅದು ಕಾಯುತ್ತಿದ್ದ ನೆಲ ಮಾತ್ರ ಉಳಿಯಲಿಲ್ಲ.

ನಮ್ಮ ನೆರೆಯಲ್ಲಿಯೂ ರಕ್ತದ ಈ ಕಥೆ ಹಳೆಯದು. ಭಾರತದಲ್ಲಿ ಕುಡುಗೋಲು ಕಣ ವೈದ್ಯಶಾಸ್ತ್ರದ ಕಣ್ಣಿಗೆ ಬಿದ್ದದ್ದು 1952ರಲ್ಲಿ, ಲೇಮನ್ ಮತ್ತು ಕಟ್‌ಬುಷ್ ಎಂಬವರು ನೀಲಗಿರಿಯ ಬುಡಕಟ್ಟುಗಳ ರಕ್ತವನ್ನು ಪರೀಕ್ಷಿಸಿದಾಗ. ನೀಲಗಿರಿಯಿಂದ ನಮ್ಮ ಚಾಮರಾಜನಗರ, ಮೈಸೂರು, ಕೊಡಗು ಜಿಲ್ಲೆಗಳ ಕಾಡುಗಳವರೆಗೆ ಹಬ್ಬಿರುವುದು ಒಂದೇ ಹಸಿರು. ಇಂದು ಕರ್ನಾಟಕದ ಬಹುಭಾಗದಲ್ಲಿ ಮಲೇರಿಯಾ ವಿರಳವಾಗಿದೆ. ಎಂದರೆ ಈ ಹಾಡಿಗಳ ಮಟ್ಟಿಗೆ ವರದ ಅಗತ್ಯ ಬಹುಮಟ್ಟಿಗೆ ಮುಗಿದು, ಬೆಲೆ ಕಟ್ಟುವುದು ಮಾತ್ರ ಉಳಿದಿದೆ.

ಇಲ್ಲಿ ಇನ್ನೊಂದು ಪದವನ್ನೂ ತಡೆದು ನಿಲ್ಲಿಸಬೇಕೆನಿಸುತ್ತದೆ. 1958ರಲ್ಲಿ ನಮ್ಮ ದೇಶದ ಮಲೇರಿಯಾ ಕಾರ್ಯಕ್ರಮಕ್ಕೆ 'ನಿರ್ಮೂಲನ' ಎಂಬ ಹೆಸರು ಬಂತು. 1960ರ ದಶಕದ ನಡುವಿನಲ್ಲಿ ರೋಗ ಒಂದು ಲಕ್ಷ ಪ್ರಕರಣಗಳ ಆಸುಪಾಸಿಗೆ ಇಳಿದು, 1976ರಲ್ಲಿ 64 ಲಕ್ಷಕ್ಕೆ ಮೇಲೆ ಏರಿತು. 1999ರಲ್ಲಿ ಹೆಸರನ್ನು ಬದಲಾಯಿಸಿದಾಗ ಆ ಪದವನ್ನು ಕೈಬಿಟ್ಟರು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ಕಾರ್ಯಕ್ರಮದ ಹೆಸರಿನಲ್ಲಿ ಅದೇ 'ನಿರ್ಮೂಲನ' ಮತ್ತೆ ಬಂದಿದೆ, ಗುರಿ 2047. ಏಳು ಕೋಟಿ ಜನರನ್ನು ಪರೀಕ್ಷಿಸುವ ಈ ಯೋಜನೆ ಬೇಕಾದದ್ದೇ. ತೊಡೆಯಬೇಕೆಂದಿರುವುದು ರೋಗದ ಪೀಡೆಯನ್ನು ಎಂಬುದೂ ನಿಜ. ಆದರೆ ನಿರ್ಮೂಲನವೆಂದರೆ ಬೇರು ಕೀಳುವುದು. ಮಲೇರಿಯಾದ ಬೇರು ಪರೋಪಜೀವಿಯಲ್ಲಿತ್ತು. ಕುಡುಗೋಲು ಕಣದ ಬೇರು ಒಬ್ಬ ಹುಡುಗಿಯ ರಕ್ತದಲ್ಲಿದೆ. ಪರೀಕ್ಷೆಯ ಕಾರ್ಡನ್ನು ಕೈಯಲ್ಲಿ ಹಿಡಿದ ಅವಳ ಕಿವಿಗೆ ಈ ಪದ ಹೇಗೆ ಕೇಳಿಸುತ್ತದೆಂದು ಹೆಸರಿಟ್ಟವರು ಒಮ್ಮೆ ಯೋಚಿಸಬೇಕಿತ್ತು. ಕಾರ್ಡು ಇನ್ನೊಂದು ಜಾತಕವಾಗಿ, 'ದೋಷವಿರುವ ಹುಡುಗಿ' ಎಂಬ ಮಾತು ಹುಟ್ಟುವುದಕ್ಕೆ ಹೆಚ್ಚು ಹೊತ್ತು ಬೇಡ. ಆದುದರಿಂದ ಒಂದು ಮಾತನ್ನು ಅಲಂಕಾರವಿಲ್ಲದೆ ಹೇಳಬೇಕು: ವಾಹಕಳೊಬ್ಬಳು ವಾಹಕನಲ್ಲದವನನ್ನು ಮದುವೆಯಾದರೆ ಅವರ ಮಕ್ಕಳಿಗೆ ಈ ರೋಗ ಬರುವುದಿಲ್ಲ. ಇಬ್ಬರೂ ವಾಹಕರಾದರೆ ಮುಂಚೆ ತಿಳಿದಿರುವುದು ಒಳ್ಳೆಯದು. ಕಾರ್ಡಿನ ಅರ್ಥ ಇಷ್ಟೇ.

ಹಾಗಾದರೆ ಕವಚದ ಬದಲು ಏನನ್ನಬೇಕು? ಹೊಸ ಉಪಮೆಯನ್ನು ಕೊಡುವ ಹೊಣೆ ವಿಮರ್ಶಕನದಲ್ಲವೆಂದು ಜಾರಿಕೊಳ್ಳಬಹುದಿತ್ತು. ಆದರೂ ನನಗೆ ಹೊಳೆದ ಪದ 'ಮುಯ್ಯಿ'. ನಾಟಿಯ ಕಾಲದಲ್ಲಿ ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಾರೆ. ಮದುವೆಯಲ್ಲಿ ಮುಯ್ಯಿ ಮಾಡುತ್ತಾರೆ. ಇಂದು ಪಡೆದವನು ನಾಳೆ ತೀರಿಸಬೇಕು. ಶತಮಾನಗಳ ಕಾಲ ಈ ವಂಶವಾಹಿಯಿಂದ ಬದುಕಿದವರು ಒಂದು ಕಡೆ. ಅದರ ದೆಸೆಯಿಂದ ನೊಂದ ಮಕ್ಕಳು ಇನ್ನೊಂದು ಕಡೆ. ಬದುಕಿದವರ ಸಮುದಾಯ, ಎಂದರೆ ನಾವೆಲ್ಲ, ಆ ಮಕ್ಕಳಿಗೆ ಮುಯ್ಯಿ ತೀರಿಸಬೇಕು. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ನೋವಿನ ಸರದಿಗಳನ್ನು ತಗ್ಗಿಸುತ್ತದೆ. ಅದು ಹಾಡಿಯ ಹತ್ತಿರದ ಆಸ್ಪತ್ರೆಯಲ್ಲಿ ತಪ್ಪದೆ ಸಿಗುವುದು, ಬೇಕಾದಾಗ ರಕ್ತ ಸಿಗುವುದು, ಹುಟ್ಟಿದ ಮಗುವಿನ ಪರೀಕ್ಷೆ ಆಗುವುದು—ಇವು ದಯೆಯಲ್ಲ, ಬಾಕಿ.

ಈ ಪದವನ್ನು ವಿದ್ಯಾರ್ಥಿನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಮುಯ್ಯಿ ಆದ್ರೆ ಪುಸ್ತಕದಲ್ಲಿ ಬರೆದಿಡ್ತಾರೆ ಸರ್. ನಮ್ಮನೇದು ಯಾವ ಪುಸ್ತಕದಲ್ಲಿದೆ?" ಎಂದಳು. ನನ್ನ ಉಪಮೆಯೂ ಕುಂಟಿತು. ಮುಯ್ಯಿಗೆ ಒಪ್ಪಿಗೆ ಬೇಕು, ಲೆಕ್ಕ ಬೇಕು. ಅವಳ ತಮ್ಮನನ್ನು ಯಾರೂ ಕೇಳಿರಲಿಲ್ಲ, ಎಲ್ಲಿಯೂ ಬರೆದಿಟ್ಟಿರಲಿಲ್ಲ. ಆದರೂ ನಾನು ಈ ಪದವನ್ನು ಬಿಡಲಾರೆ. ಕವಚವೆಂದಾಗ ನಾವು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತೇವೆ. ಮುಯ್ಯಿಯೆಂದಾಗ ತೀರಿಸುವವರು ಯಾರೆಂಬ ಪ್ರಶ್ನೆ ಉಳಿಯುತ್ತದೆ. ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವವರು, ಹೇಳುವವರು ಮುಂದಿನ ಸಲ ಪುರಾಣದ ಕಡೆಗೆ ಕೈ ಚಾಚುವ ಮುನ್ನ ಆ ಹೋಲಿಕೆಯನ್ನು ರೋಗವಿರುವ ಮನೆಯ ಒಬ್ಬರಿಗೆ ಕೇಳಿಸಿ ನೋಡಲಿ. ಅಷ್ಟು ಮಾಡಿದರೆ ಸಾಕು. ಉಳಿದ ವಿಮರ್ಶೆಯನ್ನು ಅವರೇ ಮಾಡುತ್ತಾರೆ.